ಶಿರಾಡಿ ಘಾಟಿ ಇಳಿಯಲಾರದ ಚಾಲಕ: ಪ್ಯಾನಿಕ್ ಡಿಸಾರ್ಡರ್‌ನ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ವ್ಯಕ್ತಿ ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಬಳಿಯ ಹಳ್ಳಿಯವರು. ವಯಸ್ಸು ನಲವತ್ತರ ಒಳಗೆ. ಸ್ವಂತ ಪಿಕಪ್ ಗಾಡಿಯಲ್ಲಿ ಆಲೂಗಡ್ಡೆ, ಶುಂಠಿ ಮತ್ತು ತರಕಾರಿಯನ್ನು ಮಂಗಳೂರಿಗೆ ಸಾಗಿಸುವುದು ಅವರ ಕಸುಬು. ಬರೆಯುವುದಕ್ಕೆ ಅವರೂ ಅವರ ಪತ್ನಿಯೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಹಿಡಿಯಲು ನೆರವಾಗುವ ಕೌಟುಂಬಿಕ ವಿವರಗಳನ್ನು ಬದಲಿಸಿದ್ದೇನೆ. ರೋಗಲಕ್ಷಣ, ಪರೀಕ್ಷೆ ಮತ್ತು ಚಿಕಿತ್ಸೆಗೆ ಸಂಬಂಧಿಸಿದ್ದನ್ನು ಬದಲಿಸಿಲ್ಲ. ನಾನು ಈ ಪ್ರಕರಣದಲ್ಲಿ ಚಿಕಿತ್ಸಾ ಮನೋವಿಜ್ಞಾನಿಯಾಗಿ ಕೆಲಸ ಮಾಡಿದೆ. ಔಷಧದ ನಿರ್ಧಾರಗಳೆಲ್ಲ ಮನೋವೈದ್ಯರವು, ಹೃದಯದ ನಿರ್ಧಾರಗಳೆಲ್ಲ ಹೃದ್ರೋಗ ತಜ್ಞರವು.

ಸಮಯವನ್ನು ಮಾತ್ರ ಮರೆಮಾಚಲು ಬರುವುದಿಲ್ಲ, ಏಕೆಂದರೆ ಕಾಯಿಲೆ ಬೆಳೆದ ಬಗೆಗೆ ಅದು ಅಂಟಿಕೊಂಡಿದೆ. 2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನದಲ್ಲಿದ್ದವರಿಗೆ ಊರಿನ ಮಾತೆಲ್ಲ ಯಾವುದರ ಸುತ್ತ ನಡೆಯುತ್ತಿತ್ತೆಂಬುದು ನೆನಪಿರುತ್ತದೆ. ಜಿಲ್ಲೆಯಲ್ಲಿ ಹೃದಯಾಘಾತದಿಂದ ಸತ್ತವರ ಸುದ್ದಿ ದಿನವೂ ಲೆಕ್ಕದ ಸಮೇತ ಟಿ.ವಿ.ಯಲ್ಲಿ ಬರುತ್ತಿತ್ತು; ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಚಾಲಕರೂ ಇದ್ದರು; ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆಂದು ಜನ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿಯು ಸಾವುಗಳನ್ನು ಪರಿಶೀಲಿಸಿ, ಹಿಂದಿನ ಅವಧಿಗೆ ಹೋಲಿಸಿದರೆ ಅಸಹಜವಾದ ಏರಿಕೆ ಕಂಡಿಲ್ಲವೆಂದು ವರದಿ ಕೊಟ್ಟಿತು. ಆದರೆ ವರದಿ ಬರುವ ಹೊತ್ತಿಗೆ ಹೆದರಿಕೆ ಮನೆಮನೆಯಲ್ಲೂ ಕೂತಾಗಿತ್ತು. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಈ ರಾಜ್ಯದಲ್ಲಿ ಎದೆನೋವು ಎಂಬ ಮಾತಿಗೆ ಬಂದ ಭಾರವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ಇವರ ತಂದೆ ಅರವತ್ತು ದಾಟಿದ ಮೇಲೆ ಹೃದಯಾಘಾತದಿಂದ ತೀರಿಕೊಂಡವರು. ಇವರಿಗೆ ಸಿಗರೇಟಿನ ಅಭ್ಯಾಸವಿತ್ತು, ರಾತ್ರಿ ನಿದ್ದೆಗೆಡುವ ಕಸುಬು, ದಿನಕ್ಕೆ ಆರೇಳು ಲೋಟ ಕಾಫಿ. ಅಂದರೆ ಹೃದಯದ ಬಗ್ಗೆ ಅವರಿಗಿದ್ದ ಭಯ ಬರಿಯ ಕಲ್ಪನೆಯಾಗಿರಲಿಲ್ಲ. ಮುಂದೆ ಇದೇ ಸಂಗತಿ ಚಿಕಿತ್ಸೆಯನ್ನು ಕಷ್ಟವಾಗಿಸಿತು.

ಸಮಸ್ಯೆ ಕಂಡ ಬಗೆ

ಜೂನ್ ಕೊನೆಯಲ್ಲಿ ಒಂದು ಸಂಜೆ ಸಕಲೇಶಪುರದ ಬಳಿ ಗಾಡಿ ನಿಲ್ಲಿಸಿ ಕಾಫಿ ಕುಡಿಯುತ್ತಿದ್ದಾಗ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು. ನಾಲ್ಕೈದು ನಿಮಿಷದೊಳಗೆ ಎದೆ ಬಿಗಿಯಿತು, ಮೈಯೆಲ್ಲ ಬೆವರಿತು, ಉಸಿರು ಕಟ್ಟಿತು, ಕೈಬೆರಳು ಮತ್ತು ತುಟಿ ಜೋಮು ಹಿಡಿದವು, ಕಣ್ಣ ಮುಂದಿನ ರಸ್ತೆ ತನ್ನದಲ್ಲವೆಂಬಂತೆ ದೂರವಾಗಿ ಕಂಡಿತು. "ಜೀವ ಹೋಗೇಬಿಡ್ತು ಅನ್ಕೊಂಡೆ ಮೇಡಂ, ಮನೆಗೆ ಫೋನ್ ಮಾಡಿ ಮಗಳ ಕೈಲಿ ಮಾತಾಡ್ದೆ" ಎಂದು ಅವರು ಹೇಳಿದರು. ಜೊತೆಗಿದ್ದ ಕ್ಲೀನರ್ ಹುಡುಗ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದ. ಇ.ಸಿ.ಜಿ. ಸರಿಯಿತ್ತು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೊಪೊನಿನ್ ಅಂಶವನ್ನು ಕೆಲವು ಗಂಟೆಗಳ ಅಂತರದಲ್ಲಿ ಎರಡು ಬಾರಿ ನೋಡಿದರು. ಎರಡು ಬಾರಿಯೂ ಏರಿರಲಿಲ್ಲ. ಆ ರಾತ್ರಿ ಅಲ್ಲಿನ ವೈದ್ಯರು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ. ತೊಡಕು ಹುಟ್ಟಿದ್ದು ಬಿಡುಗಡೆಯ ಹೊತ್ತಿನಲ್ಲಿ ಕೇಳಿಬಂದ ಮಾತಿನಲ್ಲಿ: "ನಿಮಗೇನೂ ಇಲ್ಲ, ಗ್ಯಾಸ್ಟ್ರಿಕ್ ಇರಬಹುದು, ಟೆನ್ಷನ್ ಮಾಡ್ಕೋಬೇಡಿ."

ಏನೂ ಇಲ್ಲವೆಂದ ಮೇಲೆ ಆದದ್ದೇನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ವಾರದೊಳಗೆ ಎರಡನೆಯ ಬಾರಿ ಬಂತು, ಈ ಸಲ ಮನೆಯಲ್ಲಿ, ಮಲಗಿದ್ದಾಗ. ಆಮೇಲೆ ಅವರು ಮೈಸೂರಿಗೆ ಹೋಗಿ ಎಕೋ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡರು. ಸರಿಯಿದೆ ಎಂದು ಬಂದ ವರದಿ ನಾಲ್ಕು ದಿನ ನೆಮ್ಮದಿ ಕೊಟ್ಟಿತು. ಐದನೆಯ ದಿನಕ್ಕೆ ಹೊಸ ಅನುಮಾನ: ಆ ಹೊತ್ತಿನಲ್ಲಿ ಬ್ಲಾಕ್ ಕಾಣಿಸದೇ ಹೋಗಿರಬಹುದಲ್ಲವೇ? ಬೇರೆ ಕಡೆ ಮತ್ತೆ ಇ.ಸಿ.ಜಿ., ಮತ್ತೆ ರಕ್ತಪರೀಕ್ಷೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಪತ್ನಿಯ ಒಂದು ಜೊತೆ ಬಳೆ ಅಡವಿಗೆ ಹೋಗಿತ್ತು, ಮತ್ತು ಬೆಂಗಳೂರಿಗೆ ಹೋಗಿ ಆಂಜಿಯೋಗ್ರಾಂ ಮಾಡಿಸಬೇಕೆಂದು ಅಣ್ಣ ತಮ್ಮಂದಿರು ಹಣ ಹೊಂದಿಸುತ್ತಿದ್ದರು.

ಈ ನಡುವೆ ಅವರ ದಿನಚರಿ ಕುಗ್ಗುತ್ತ ಬಂದಿತ್ತು. ಮಂಗಳೂರಿಗೆ ಇಳಿಯುವ ಶಿರಾಡಿ ಘಾಟಿಯಲ್ಲಿ ಮಾರನಹಳ್ಳಿ ದಾಟಿದರೆ ಗುಂಡ್ಯದವರೆಗೆ ಕಾಡು, ತಿರುವು, ಅಲ್ಲಲ್ಲಿ ಸಿಗ್ನಲ್ ಇಲ್ಲದ ಫೋನ್. ಲಾರಿಗಳ ಸಾಲು ನಿಂತರೆ ಹಿಂದೆ ತಿರುಗುವಂತೆಯೂ ಇಲ್ಲ. ಮೊದಲು ರಾತ್ರಿ ಟ್ರಿಪ್ ಬಿಟ್ಟರು, ಆಮೇಲೆ ಒಬ್ಬರೇ ಹೋಗುವುದನ್ನು, ಕೊನೆಗೆ ಘಾಟಿಯನ್ನೇ ಬಿಟ್ಟರು. ಅಕ್ಟೋಬರ್ ಹೊತ್ತಿಗೆ ಹಾಸನದ ಮಾರುಕಟ್ಟೆಗಷ್ಟೇ ಗಾಡಿ ಓಡುತ್ತಿತ್ತು. ಜೇಬಿನಲ್ಲಿ ಸದಾ ಮೂರು ವಸ್ತುಗಳಿದ್ದವು: ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ವಾಟ್ಸಾಪಿನಲ್ಲಿ ಬಂದ ಸಲಹೆಯಂತೆ ಕೊಂಡಿಟ್ಟ, ಹೃದ್ರೋಗದ ಎದೆನೋವಿಗೆ ಕೊಡುವ ಸಾರ್ಬಿಟ್ರೇಟ್ ಮಾತ್ರೆಯ ಪಟ್ಟಿ, ಮತ್ತು ಕ್ಲಿನಿಕ್ ಒಂದರಲ್ಲಿ ಬರೆದುಕೊಟ್ಟಿದ್ದ, ಆತಂಕವನ್ನು ತಕ್ಷಣಕ್ಕೆ ಇಳಿಸುವ ಆಲ್‌ಪ್ರಜೋಲಾಂ ಮಾತ್ರೆ. ಈ ಕೊನೆಯದನ್ನು ಕೆಲವು ದಿನಗಳಿಗೆಂದು ಕೊಟ್ಟಿದ್ದರೂ ಅವರು ತಿಂಗಳುಗಟ್ಟಲೆ ನುಂಗುತ್ತಿದ್ದರು.

ಯಾವ ಹೆಸರು, ಏಕೆ

ಮೊದಲ ಭೇಟಿಯ ಬಹುಪಾಲು ಸಮಯ ಹೋದದ್ದು ಹೆಸರನ್ನು ಗೊತ್ತುಮಾಡುವುದರಲ್ಲಿ. ಅವರ ಕೈಯಲ್ಲಿದ್ದ ಚೀಟಿಗಳಲ್ಲಿ "ಆಂಗ್ಸೈಟಿ" ಎಂದಿತ್ತು, ಮನೆಯವರು "ಗಾಬರಿ" ಎನ್ನುತ್ತಿದ್ದರು, ಅತ್ತಿಗೆಯವರ ಪ್ರಕಾರ ಅದು "ಡಿಪ್ರೆಷನ್". ಇವು ಒಂದೇ ಸಂಗತಿಯ ಬೇರೆ ಬೇರೆ ಹೆಸರುಗಳಲ್ಲ. ಒಂದೊಂದೂ ಬೇರೆ ಚಿಕಿತ್ಸೆಯ ಕಡೆಗೆ ಕೊಂಡೊಯ್ಯುತ್ತದೆ.

ಮನೋವಿಜ್ಞಾನದಲ್ಲಿ ಭಯವೆಂದರೆ ಎದುರಿಗಿರುವ, ಅಥವಾ ಎದುರಿಗಿದೆಯೆಂದು ತೋರುವ ಅಪಾಯಕ್ಕೆ ದೇಹ ಮನಸ್ಸುಗಳು ಕೊಡುವ ತಕ್ಷಣದ ಉತ್ತರ. ಆತಂಕವೆಂದರೆ ಮುಂದೆ ಬರಬಹುದಾದ ಅಪಾಯದ ನಿರೀಕ್ಷೆ. ಪ್ಯಾನಿಕ್ ಅಟ್ಯಾಕ್ ಎಂಬುದು ಇವೆರಡಕ್ಕಿಂತ ಬಿಗಿಯಾದ ಅರ್ಥವುಳ್ಳ ಪದ. ಅಮೆರಿಕದ ಮನೋವೈದ್ಯ ಸಂಘದ ಡಿ.ಎಸ್.ಎಂ.-5 ಕೈಪಿಡಿಯ ಪ್ರಕಾರ, ತಟ್ಟನೆ ಎದ್ದು ಕೆಲವೇ ನಿಮಿಷಗಳಲ್ಲಿ ತುತ್ತತುದಿಗೇರುವ ತೀವ್ರ ಭಯ ಅಥವಾ ಅಸ್ವಸ್ಥತೆಯ ಜೊತೆಗೆ, ಪಟ್ಟಿಮಾಡಿದ 13 ಲಕ್ಷಣಗಳಲ್ಲಿ ಕನಿಷ್ಠ ನಾಲ್ಕು ಇರಬೇಕು. ಎದೆಬಡಿತ, ಬೆವರು, ಉಸಿರು ಕಟ್ಟುವುದು, ಎದೆನೋವು, ಜೋಮು, ಸುತ್ತಲಿನದು ನಿಜವಲ್ಲವೆನಿಸುವುದು, ಸಾಯುತ್ತೇನೆಂಬ ಭಯ ಇವೆಲ್ಲ ಆ ಪಟ್ಟಿಯಲ್ಲಿವೆ. ಇವರಲ್ಲಿ ಇವು ಏಳೂ ಇದ್ದವು. ಆದರೆ ಅಟ್ಯಾಕ್ ಬಂದ ಮಾತ್ರಕ್ಕೆ ಅದು ಕಾಯಿಲೆಯಾಗುವುದಿಲ್ಲ. ಎಷ್ಟೋ ಜನರಿಗೆ ಬದುಕಿನಲ್ಲಿ ಒಂದೆರಡು ಸಲ ಬಂದು ಹೋಗುತ್ತದೆ. ಪ್ಯಾನಿಕ್ ಡಿಸಾರ್ಡರ್ ಎನ್ನಲು ಕಾರಣವಿಲ್ಲದೆ, ನಿರೀಕ್ಷೆಯಿಲ್ಲದೆ ಅಟ್ಯಾಕ್‌ಗಳು ಮತ್ತೆ ಮತ್ತೆ ಬರಬೇಕು, ಮತ್ತು ಮುಂದಿನದು ಯಾವಾಗಲೋ ಎಂಬ ಚಿಂತೆ ಅಥವಾ ಅದನ್ನು ತಪ್ಪಿಸಲು ನಡವಳಿಕೆಯಲ್ಲಾದ ಬದಲಾವಣೆ ಒಂದು ತಿಂಗಳಾದರೂ ಉಳಿಯಬೇಕು. ಆಂಗ್ಸೈಟಿ ನ್ಯೂರೋಸಿಸ್ ಎಂಬ ದೊಡ್ಡ ಗಂಟಿನಿಂದ ಇದನ್ನು ಬಿಡಿಸಿ ಬೇರೆ ಕಾಯಿಲೆಯೆಂದು ಗುರುತಿಸಿದ್ದು 1980ರ ಡಿ.ಎಸ್.ಎಂ.-3. ಅದಕ್ಕೂ ನೂರು ವರ್ಷ ಹಿಂದೆ, 1871ರಲ್ಲಿ, ಜೇಕಬ್ ದ ಕೋಸ್ಟಾ ಎಂಬ ವೈದ್ಯರು ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇಂಥದ್ದೇ ಎದೆಬಡಿತ ಮತ್ತು ಎದೆನೋವನ್ನು ಕಂಡು ಅದನ್ನು ಹೃದಯದ ತೊಂದರೆಯೆಂದೇ ಬಣ್ಣಿಸಿದ್ದರು. ಹಾಸನದ ಚಾಲಕರೊಬ್ಬರು ಇದನ್ನು ಹೃದಯದ ಕಾಯಿಲೆಯೆಂದುಕೊಂಡದ್ದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ನಿಜವಾದ ಗೊಂದಲವಿದ್ದದ್ದು ಇನ್ನೊಂದು ಕಡೆ. ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸುವುದನ್ನು ನೋಡಿದರೆ ಇದು ಇಲ್‌ನೆಸ್ ಆಂಗ್ಸೈಟಿ ಡಿಸಾರ್ಡರ್, ಅಂದರೆ ತನಗೆ ಗಂಭೀರ ರೋಗವಿದೆ ಅಥವಾ ಬರುತ್ತದೆ ಎಂಬ ಚಿಂತೆಯೇ ಮುಖ್ಯವಾಗಿದ್ದು ದೈಹಿಕ ಲಕ್ಷಣಗಳು ಇಲ್ಲದಿರುವ ಅಥವಾ ಅಲ್ಪವಾಗಿರುವ ಸ್ಥಿತಿ ಎಂದೂ ಹೇಳಬಹುದಿತ್ತು. ಅದಕ್ಕೆ ಆರು ತಿಂಗಳ ಅವಧಿಯ ಷರತ್ತಿದೆ, ಇವರಿಗೆ ಅಷ್ಟಾಗಿರಲಿಲ್ಲ. ಆದರೆ ಕ್ಯಾಲೆಂಡರಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಪ್ರಶ್ನೆ. "ಒಂದು ತಿಂಗಳು ದೊಡ್ಡ ಹೃದಯದ ಆಸ್ಪತ್ರೆಯೊಳಗೇ ವಾಸ ಇರಿ ಎಂದರೆ ಆಗ ಹೆದರಿಕೆ ಹೇಗಿರುತ್ತದೆ?" ಎಂದು ಕೇಳಿದೆ. ಅವರು ತಡಮಾಡದೆ, "ಅಲ್ಲಿದ್ರೆ ಬಂದ್ರೆ ಬರ್ಲಿ ಅನ್ಸುತ್ತೆ ಮೇಡಂ, ಡಾಕ್ಟ್ರು ಇರ್ತಾರಲ್ಲ" ಎಂದರು. ರೋಗವಿದೆಯೆಂಬ ನಂಬಿಕೆಯೇ ಮೂಲವಾಗಿದ್ದರೆ ಆಸ್ಪತ್ರೆಯಲ್ಲೂ ಅದು ಕೊರೆಯುತ್ತಿತ್ತು. ಇವರ ಭಯವಿದ್ದದ್ದು ಅಟ್ಯಾಕ್ ಬಂದಾಗ ಕಾಪಾಡುವವರಿಲ್ಲದ ಜಾಗದ ಬಗ್ಗೆ.

ಅದೇ ಉತ್ತರ ಅಗೊರಾಫೋಬಿಯಾ, ಅಂದರೆ ತಪ್ಪಿಸಿಕೊಳ್ಳಲು ಕಷ್ಟವಾದ ಅಥವಾ ನೆರವು ಸಿಗದ ಸನ್ನಿವೇಶಗಳ ಭಯದ ಕಡೆಗೂ ಬೊಟ್ಟು ಮಾಡುತ್ತಿತ್ತು. ಆದರೂ ಆಗಲೇ ಆ ಹೆಸರನ್ನು ಬರೆಯದಿರಲು ತೀರ್ಮಾನಿಸಿದೆವು. ಡಿ.ಎಸ್.ಎಂ.-5 ಕೊಡುವ ಐದು ಬಗೆಯ ಸನ್ನಿವೇಶಗಳಲ್ಲಿ ಎರಡರಲ್ಲಾದರೂ ಭಯವಿರಬೇಕು, ಸಾಮಾನ್ಯವಾಗಿ ಆರು ತಿಂಗಳಾದರೂ ಆಗಿರಬೇಕು. ಘಾಟಿಯನ್ನು ತಪ್ಪಿಸುತ್ತಿದ್ದರೂ ಅವರು ಸಂತೆ, ಮದುವೆ ಮನೆ, ಬಸ್ಸು ಯಾವುದನ್ನೂ ಬಿಟ್ಟಿರಲಿಲ್ಲ. ಕಾಗದದ ಮೇಲೆ ಕಾಯಿಲೆಗಳ ಸಂಖ್ಯೆ ಹೆಚ್ಚಾದಷ್ಟೂ ಕುಟುಂಬ ಕುಸಿಯುತ್ತದೆ. ಬೇಕಿಲ್ಲದ ಹೆಸರನ್ನು ತಡೆಹಿಡಿಯುವುದೂ ಚಿಕಿತ್ಸೆಯ ಭಾಗವೆಂದೇ ನಾನು ಎಣಿಸುತ್ತೇನೆ.

ಒಂದೇ ಸಲ, ಸರಿಯಾಗಿ

ಆಂಜಿಯೋಗ್ರಾಂ ಬೇಕೇ ಬೇಡವೇ ಎಂಬುದು ಮೊದಲ ದೊಡ್ಡ ತೀರ್ಮಾನವಾಗಿತ್ತು. ಮನಸ್ಸಿನ ತೊಂದರೆಯೆಂದು ಹೇಳಿ ಹೃದಯವನ್ನು ಬದಿಗಿಡುವುದು ಸುಲಭ, ಆದರೆ ತಂದೆಗೆ ಹೃದಯಾಘಾತವಾಗಿದ್ದ, ಸಿಗರೇಟು ಸೇದುವ ಗಂಡಸಿನ ವಿಷಯದಲ್ಲಿ ಅದು ಬೇಜವಾಬ್ದಾರಿ. ಹೃದ್ರೋಗ ತಜ್ಞರು, ಮನೋವೈದ್ಯರು ಮತ್ತು ನಾನು ಸೇರಿ ಮಾತಾಡಿ, ಉಳಿದಿರುವ ಅನುಮಾನಗಳನ್ನೆಲ್ಲ ಒಂದೇ ಸಲ ಸರಿಯಾಗಿ ನೋಡಿ, ಆಮೇಲೆ ಹೊಸ ಲಕ್ಷಣವಿಲ್ಲದೆ ಪರೀಕ್ಷೆ ಮಾಡುವುದನ್ನು ನಿಲ್ಲಿಸುವುದೆಂದು ಗೊತ್ತುಮಾಡಿದೆವು. ಟ್ರೆಡ್‌ಮಿಲ್‌ನಲ್ಲಿ ಅವರು ಚೆನ್ನಾಗಿ ಓಡಿದ್ದರಿಂದಲೂ ನೋವು ದುಡಿಮೆಯಲ್ಲಿ ಬಾರದೆ ಸುಮ್ಮನೆ ಕೂತಾಗ ಬರುತ್ತಿದ್ದುದರಿಂದಲೂ ಆಂಜಿಯೋಗ್ರಾಂ ಬೇಡವೆಂದು ತಜ್ಞರು ಹೇಳಿದರು. ಬದಲಿಗೆ ಥೈರಾಯ್ಡ್ ಪರೀಕ್ಷೆ ಮತ್ತು ಇಪ್ಪತ್ನಾಲ್ಕು ಗಂಟೆ ಹೃದಯದ ಲಯವನ್ನು ದಾಖಲಿಸುವ ಹೋಲ್ಟರ್ ಆಯ್ದುಕೊಂಡರು. ಹೋಲ್ಟರ್‌ಗೆ ಕಾರಣವಿತ್ತು: ಪಿ.ಎಸ್.ವಿ.ಟಿ. ಎಂಬ ಲಯದ ತೊಂದರೆಯಲ್ಲೂ ಹೃದಯ ಇದ್ದಕ್ಕಿದ್ದಂತೆ ಓಡತೊಡಗುತ್ತದೆ, ಮತ್ತು ಅದನ್ನು ಪ್ಯಾನಿಕ್ ಎಂದು ತಪ್ಪು ತಿಳಿಯುವುದು ಅಪರೂಪವಲ್ಲ.

ಹೋಲ್ಟರ್ ಕಟ್ಟಿಕೊಂಡ ರಾತ್ರಿಯೇ ಅವರಿಗೆ ಅಟ್ಯಾಕ್ ಬಂತು. ಇದಕ್ಕಿಂತ ಒಳ್ಳೆಯ ಅದೃಷ್ಟವನ್ನು ನಾವು ಬಯಸುವಂತಿರಲಿಲ್ಲ. ದಾಖಲೆಯಲ್ಲಿ ಬಡಿತ ನಿಮಿಷಕ್ಕೆ 120ರ ಹತ್ತಿರ ಏರಿತ್ತು, ಆದರೆ ಲಯ ಸಹಜವಾಗಿತ್ತು. ಏರುವಾಗಲೂ ಇಳಿಯುವಾಗಲೂ ಮೆಟ್ಟಿಲು ಹತ್ತಿ ಇಳಿದವರ ಹಾಗೆ ಹಂತಹಂತವಾಗಿತ್ತು. ಪಿ.ಎಸ್.ವಿ.ಟಿ.ಯಲ್ಲಿ ಏರಿಕೆ ಒಮ್ಮೆಲೇ ಆಗುತ್ತದೆ, ಬಡಿತ ಸಾಮಾನ್ಯವಾಗಿ ನೂರೈವತ್ತನ್ನು ದಾಟುತ್ತದೆ. ತಜ್ಞರು ಆ ಗೆರೆಯನ್ನು ಅವರ ಮುಂದೆ ಬಿಚ್ಚಿಟ್ಟು, ಅವರು ಡೈರಿಯಲ್ಲಿ ಬರೆದಿದ್ದ ಗಂಟೆಯನ್ನೂ ಅದರ ಪಕ್ಕದಲ್ಲಿಟ್ಟು ತೋರಿಸಿದರು. ತಿಂಗಳುಗಳಿಂದ ಕೇಳುತ್ತಿದ್ದ "ಏನೂ ಇಲ್ಲ" ಎಂಬ ಮಾತಿನ ಜಾಗಕ್ಕೆ ಮೊದಲ ಬಾರಿ "ಇದು ಆಗಿದೆ, ಹೀಗೆ ಆಗಿದೆ" ಎಂಬ ಉತ್ತರ ಬಂತು.

ಎರಡನೆಯ ತಿರುವು ಅದೇ ಡೈರಿಯಿಂದ ಸಿಕ್ಕಿತು. ಸಾರ್ಬಿಟ್ರೇಟ್ ನಾಲಿಗೆಯಡಿ ಇಟ್ಟ ದಿನಗಳಲ್ಲಿ ಅಟ್ಯಾಕ್ ಬೇಗ ಮುಗಿಯುವ ಬದಲು ತಲೆನೋವು, ತಲೆಸುತ್ತು ಮತ್ತು ಇನ್ನೂ ಜೋರಾದ ಬಡಿತದೊಂದಿಗೆ ಉದ್ದವಾಗುತ್ತಿತ್ತು. ಈ ಮಾತ್ರೆ ರಕ್ತನಾಳಗಳನ್ನು ಹಿಗ್ಗಿಸಿ ರಕ್ತದೊತ್ತಡವನ್ನು ಇಳಿಸುತ್ತದೆ. ಇಳಿದ ಒತ್ತಡವನ್ನು ಸರಿತೂಗಿಸಲು ಹೃದಯ ಇನ್ನಷ್ಟು ವೇಗವಾಗಿ ಬಡಿಯುತ್ತದೆ. ಕಾಪಾಡಲೆಂದು ಇಟ್ಟುಕೊಂಡ ಮಾತ್ರೆಯೇ ತಾನು ಹೆದರುತ್ತಿದ್ದ ಲಕ್ಷಣಗಳನ್ನು ತರುತ್ತಿದೆ ಎಂಬುದನ್ನು ತಮ್ಮದೇ ಬರಹದಲ್ಲಿ ಓದಿದಾಗ ಅವರು ತುಂಬ ಹೊತ್ತು ಮಾತಾಡಲಿಲ್ಲ. ಅವತ್ತೇ ಪಟ್ಟಿಯನ್ನು ನಮ್ಮ ಮೇಜಿನ ಮೇಲಿಟ್ಟು ಹೋದರು. ಯಾರದೋ ಫಾರ್ವರ್ಡ್ ಸಂದೇಶ ನಂಬಿ ಈ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವರು ನಮ್ಮ ಜಿಲ್ಲೆಯಲ್ಲಿ ಇವರೊಬ್ಬರೇ ಅಲ್ಲ.

ಚಿಕಿತ್ಸೆ

ಮನೋವೈದ್ಯರು ಆತಂಕಕ್ಕೂ ಖಿನ್ನತೆಗೂ ಕೊಡುವ ಎಸ್.ಎಸ್.ಆರ್.ಐ. ಗುಂಪಿನ ಎಸ್ಸಿಟಲೋಪ್ರಾಂ ಔಷಧವನ್ನು 5 ಮಿಲಿಗ್ರಾಂನಿಂದ ಆರಂಭಿಸಿ ನಂತರ 10ಕ್ಕೆ ಏರಿಸಿದರು. ಈ ಗುಂಪಿನ ಔಷಧಗಳು ಕೆಲಸ ತೋರಿಸಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ ಹೆಚ್ಚಾಗಲೂಬಹುದು. ಇದನ್ನು ಮುಂಚೆಯೇ ತಿಳಿಸದಿದ್ದರೆ ಪ್ಯಾನಿಕ್ ಇರುವವರು ಮೂರನೆಯ ದಿನಕ್ಕೇ ಮಾತ್ರೆ ಬಿಡುತ್ತಾರೆ. ಆಲ್‌ಪ್ರಜೋಲಾಂ ಅನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡ ಮೇಲೆ ಹಠಾತ್ತಾಗಿ ಬಿಟ್ಟರೆ ಆತಂಕ ಮರುಕಳಿಸುತ್ತದೆ, ಫಿಟ್ಸ್ ಬರುವ ಅಪಾಯವೂ ಇದೆ. ವಾರಗಳ ಮೇಲೆ ನಿಧಾನವಾಗಿ ಇಳಿಸಲಾಯಿತು, ಅಲ್ಲಿಯವರೆಗೆ ರಾತ್ರಿ ಗಾಡಿ ಓಡಿಸಬಾರದೆಂದು ತಾಕೀತು ಮಾಡಲಾಯಿತು. ಸಿಗರೇಟು ಬಿಡಿಸುವುದನ್ನು ಬೇಕೆಂದೇ ಎರಡು ತಿಂಗಳು ಮುಂದೂಡಿದೆವು: ನಿಕೋಟಿನ್ ಬಿಟ್ಟ ಮೊದಲ ವಾರಗಳ ತಳಮಳವೂ ಆತಂಕದಂತೆಯೇ ಇರುತ್ತದೆ, ಎರಡೂ ಒಟ್ಟಿಗೆ ಬಂದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ನನ್ನ ಪಾಲಿನ ಕೆಲಸಕ್ಕೆ ಆಧಾರವಾಗಿದ್ದು 1986ರಲ್ಲಿ ಬ್ರಿಟಿಷ್ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ ಮಂಡಿಸಿದ ವಿವರಣೆ. ದೇಹದ ಸಾಮಾನ್ಯ ಸಂವೇದನೆಯೊಂದನ್ನು ಸಾವಿನ ಸೂಚನೆಯೆಂದು ಅರ್ಥಮಾಡಿಕೊಂಡಾಗ ಭಯ ಹುಟ್ಟುತ್ತದೆ, ಭಯದಿಂದ ಆ ಸಂವೇದನೆ ಬಲಗೊಳ್ಳುತ್ತದೆ, ಬಲಗೊಂಡದ್ದನ್ನು ಕಂಡು ಭಯ ಇಮ್ಮಡಿಸುತ್ತದೆ. ಇದನ್ನು ಬಾಯಿಮಾತಿನಲ್ಲಿ ಹೇಳಿದಾಗ ಅವರು ತಲೆದೂಗಿದರೇ ಹೊರತು ನಂಬಲಿಲ್ಲ. ಹೃದಯಕ್ಕೆ ತೊಂದರೆಯಿಲ್ಲವೆಂದು ತಜ್ಞರಿಂದ ಖಾತ್ರಿಯಾಗಿದ್ದರಿಂದ ಕೊಠಡಿಯಲ್ಲೇ ಮಾಡಿ ನೋಡಿದೆವು. ಒಂದು ನಿಮಿಷ ಜೋರಾಗಿ, ಆಳವಾಗಿ ಉಸಿರಾಡಿದಾಗ ಬೆರಳು, ತುಟಿ ಜೋಮು ಹಿಡಿದವು, ತಲೆ ಹಗುರಾಯಿತು. "ಇದೇ ಮೇಡಂ, ಇದೇ ಅವತ್ತು ಸಕಲೇಶಪುರದಲ್ಲಿ ಆಗಿದ್ದು!" ಎಂದು ಅವರು ಕೂಗಿಯೇ ಹೇಳಿದರು. ಅತಿಯಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಹೀಗಾಗುತ್ತದೆ ಎಂಬ ವಿವರಣೆಗೆ ಆಮೇಲೆ ಬೆಲೆ ಬಂತು. ಮುಂದಿನ ವಾರಗಳಲ್ಲಿ ಮೆಟ್ಟಿಲು ಓಡಿ ಹತ್ತುವುದು, ತಿರುಗುವ ಕುರ್ಚಿಯಲ್ಲಿ ಸುತ್ತುವುದು, ಕೊನೆಗೆ ಗಟ್ಟಿ ಡಿಕಾಕ್ಷನ್‌ನ ಕಾಫಿ ಕುಡಿದು ಬಡಿತ ಏರಿದ್ದನ್ನು ಸುಮ್ಮನೆ ಗಮನಿಸುತ್ತ ಕೂರುವುದು ಇವನ್ನೆಲ್ಲ ಮಾಡಿದರು. ಪ್ಯಾನಿಕ್ ಡಿಸಾರ್ಡರ್ ಇರುವವರಿಗೆ ಕೆಫೀನ್‌ನಿಂದ ಅಟ್ಯಾಕ್ ಏಳುವ ಸಂಭವ ಹೆಚ್ಚು. ಆರಂಭದಲ್ಲಿ ದಿನಕ್ಕೆ ಎರಡು ಲೋಟಕ್ಕೆ ಇಳಿಸಿದ್ದ ಕಾಫಿಯನ್ನೇ ಕೊನೆಯಲ್ಲಿ ಅಭ್ಯಾಸದ ಸಾಧನವಾಗಿ ಬಳಸಿದೆವು.

ಮನೆಯೊಳಗಿನ ಭಾಗವೇ ಎಲ್ಲಕ್ಕಿಂತ ನಿಧಾನವಾಯಿತು. ದಿನಕ್ಕೆ ಹತ್ತಾರು ಬಾರಿ ಅವರು "ಪಲ್ಸ್ ನೋಡು" ಎನ್ನುವುದು, ಪತ್ನಿ ಬೆರಳಿಗೆ ಯಂತ್ರ ಸಿಕ್ಕಿಸಿ "ರೀ, ಸರಿಯಾಗೇ ಇದೆ, ಏನೂ ಆಗಲ್ಲ ಸುಮ್ನಿರಿ" ಎನ್ನುವುದು ರೂಢಿಯಾಗಿತ್ತು. ಭರವಸೆ ಬೇಡುವುದು, ಯಂತ್ರ ನೋಡುವುದು, ಮಾತ್ರೆ ಜೇಬಿನಲ್ಲಿಡುವುದು, ಒಬ್ಬರೇ ಹೋಗದಿರುವುದು ಇವನ್ನು ಒಟ್ಟಾಗಿ ಸುರಕ್ಷತಾ ನಡವಳಿಕೆ ಎನ್ನುತ್ತಾರೆ. ಇವು ಆ ಕ್ಷಣಕ್ಕೆ ಭಯ ಇಳಿಸಿದರೂ, ಇವಿಲ್ಲದಿದ್ದರೆ ಸಾಯುತ್ತಿದ್ದೆ ಎಂಬ ನಂಬಿಕೆಯನ್ನು ಗಟ್ಟಿಮಾಡುತ್ತವೆ. "ಈಗ ನಾನು ನೋಡಲ್ಲ ರೀ, ಅಲ್ಲಿ ಹೇಳ್ಕೊಟ್ಟಿದ್ದು ಮಾಡಿ" ಎಂದು ಹೇಳಲು ಪತ್ನಿಗೆ ಕಲಿಸಿದೆವು. ಅತ್ತಿಗೆ ಅದನ್ನು ಕೇಳಿ, ಗಂಡ ಒದ್ದಾಡುತ್ತಿದ್ದರೂ ಇವಳಿಗೆ ಕರುಣೆಯಿಲ್ಲವೆಂದು ಊರಲ್ಲಿ ಆಡಿದರು. ಅತ್ತಿಗೆಯನ್ನೂ ಒಂದು ಭೇಟಿಗೆ ಕರೆಸಬೇಕಾಯಿತು.

ಇದೆಲ್ಲದರ ಜೊತೆಗೆ ಒಂದು ಚೀಟಿಯನ್ನು ಹೃದ್ರೋಗ ತಜ್ಞರಿಂದಲೇ ಬರೆಸಿಕೊಟ್ಟೆವು. ನಡೆದಾಗ, ಭಾರ ಎತ್ತಿದಾಗ ಬಂದು ನಿಂತರೆ ಕಡಿಮೆಯಾಗುವ ಎದೆನೋವು, ದವಡೆಗೋ ತೋಳಿಗೋ ಹರಡುವ ನೋವು, ಪ್ರಜ್ಞೆ ತಪ್ಪುವುದು, ಅರ್ಧ ಗಂಟೆಯಾದರೂ ಇಳಿಯದ ಬಿಗಿತ ಇವು ಕಂಡರೆ ಅಭ್ಯಾಸ ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪ್ಯಾನಿಕ್ ಎಂಬ ಹೆಸರು ಸಿಕ್ಕವರಿಗೂ ಹೃದಯಾಘಾತ ಆಗಬಹುದು. ಚೀಟಿಯನ್ನು ದಿನವೂ ಓದಿಕೊಂಡು ಅದನ್ನೇ ಹೊಸ ಭರವಸೆಯ ವಸ್ತುವಾಗಿಸಿಕೊಳ್ಳಬಹುದೆಂಬ ಅಳುಕು ನನಗಿತ್ತು. ಅವರು ಅದನ್ನು ಗಾಡಿಯ ಕಾಗದಪತ್ರಗಳ ಜೊತೆ ಇಟ್ಟು ಮರೆತರು.

ಆದದ್ದು

ಘಾಟಿಗೆ ಮರಳುವುದನ್ನು ಮೆಟ್ಟಿಲುಗಳಾಗಿ ಒಡೆದೆವು: ಮೊದಲು ಅವರ ತಮ್ಮ ಗಾಡಿ ಓಡಿಸುವಾಗ ಪಕ್ಕದಲ್ಲಿ ಕೂತು ಮಾರನಹಳ್ಳಿಯವರೆಗೆ, ನಂತರ ಗುಂಡ್ಯದವರೆಗೆ, ಆಮೇಲೆ ತಾವೇ ಓಡಿಸುತ್ತ ಕ್ಲೀನರ್ ಜೊತೆ, ಕೊನೆಗೆ ಒಬ್ಬರೇ. ಎರಡನೆಯ ಮೆಟ್ಟಿಲಿನಲ್ಲಿ ಗಾಡಿ ನಿಲ್ಲಿಸಿ ಹಿಂದಿರುಗಿದರು. ನಂತರ ವಿಚಾರಿಸಿದಾಗ ಬಿಟ್ಟೆನೆಂದಿದ್ದ ಆಕ್ಸಿಮೀಟರ್ ತಮ್ಮನ ಜೇಬಿನಲ್ಲಿತ್ತೆಂದು ತಿಳಿಯಿತು. ಬೈಯುವ ಬದಲು ಅದನ್ನೂ ಬಿಡಬೇಕಾದ ಸುರಕ್ಷತಾ ನಡವಳಿಕೆಗಳ ಪಟ್ಟಿಗೆ ಸೇರಿಸಿ, ಯಂತ್ರ ಮನೆಯಲ್ಲಿಟ್ಟು ಮತ್ತೆ ಅದೇ ಮೆಟ್ಟಿಲಿನಿಂದ ಶುರುಮಾಡಿದೆವು.

ಒಬ್ಬರೇ ಹೋದ ಮೊದಲ ತಿಂಗಳಲ್ಲೇ ಘಾಟಿಯ ನಡುವೆ ಟ್ರಾಫಿಕ್ ಜಾಮ್ ಆಗಿ ಗಂಟೆಗಟ್ಟಲೆ ನಿಲ್ಲಬೇಕಾಯಿತು, ಅಲ್ಲಿ ಪೂರ್ಣ ಪ್ರಮಾಣದ ಅಟ್ಯಾಕ್ ಬಂತು. ಕಿಟಕಿ ಇಳಿಸಿ, ಉಸಿರನ್ನು ಬಿಗಿಹಿಡಿಯದೆ, ಯಾರಿಗೂ ಫೋನ್ ಮಾಡದೆ ಕೂತಿದ್ದರಂತೆ; ಸುಮಾರು ಕಾಲು ಗಂಟೆಯಲ್ಲಿ ಅದು ತಾನಾಗಿ ಇಳಿಯಿತು. ಅಟ್ಯಾಕ್ ಬಾರದಂತೆ ಮಾಡುವುದು ನಮ್ಮ ಗುರಿಯಾಗಿರಲಿಲ್ಲವಾದ್ದರಿಂದ ನಾನು ಅದನ್ನು ಹಿನ್ನಡೆಯೆಂದು ದಾಖಲಿಸಲಿಲ್ಲ. ಅದರ ನಂತರ ಬಂದವು ಕೆಲವೇ, ಅವೂ ಅರ್ಧಕ್ಕೇ ಕರಗಿದವು.

ಈಗ ಅವರು ವಾರಕ್ಕೆ ಮೂರು ಟ್ರಿಪ್ ಮಂಗಳೂರಿಗೆ ಹೋಗುತ್ತಾರೆ. ರಾತ್ರಿ ಟ್ರಿಪ್ ಇನ್ನೂ ಒಪ್ಪಿಕೊಂಡಿಲ್ಲ. ಅದು ಭಯದಿಂದಲೋ ಅಥವಾ ನಿದ್ದೆಗೆಡಬಾರದೆಂಬ ವಿವೇಕದಿಂದಲೋ ಎಂದು ನಮ್ಮಿಬ್ಬರ ನಡುವೆ ಚರ್ಚೆ ನಡೆದಿದೆ. ಸಿಗರೇಟು ಬಿಟ್ಟಿದ್ದಾರೆ, ಕೊಲೆಸ್ಟರಾಲ್ ಗಡಿಯಲ್ಲಿರುವುದರಿಂದ ವರ್ಷಕ್ಕೊಮ್ಮೆ ಹೃದ್ರೋಗ ತಜ್ಞರನ್ನು ಕಾಣುತ್ತಾರೆ, ನಡುವೆ ಪರೀಕ್ಷೆ ಮಾಡಿಸಿಲ್ಲ. ಅಟ್ಯಾಕ್‌ಗಳು ನಿಂತ ಮೇಲೂ ಔಷಧವನ್ನು ಹಲವು ತಿಂಗಳು ಮುಂದುವರಿಸಿ ಆಮೇಲೆ ಹಂತಹಂತವಾಗಿ ಇಳಿಸುವುದು ವಾಡಿಕೆ. ಇವರ ಎಸ್ಸಿಟಲೋಪ್ರಾಂ ಇಳಿಕೆ ಇನ್ನೂ ಆರಂಭವಾಗಿಲ್ಲ. ಟಿ.ವಿ.ಯಲ್ಲಿ ಮತ್ತೆ ಅಂಥ ಸುದ್ದಿಗಳ ಅಲೆ ಎದ್ದರೆ ಇಳಿಕೆಯನ್ನು ಮುಂದೂಡುವುದೋ ಬೇಡವೋ ಎಂಬ ಪ್ರಶ್ನೆಯನ್ನು ಅವರೇ ಎತ್ತಿದ್ದಾರೆ. ಮುಂದೂಡುವುದು ಬೇಡವೆಂದು ಮನೋವೈದ್ಯರ ಅಭಿಪ್ರಾಯ, ನನ್ನದೂ ಅದೇ.